ಹರೆಯದವರ ಕೈಗೆ ಟ್ರ್ಯಾಕ್ಟರ್-ಟ್ರೇಲರ್ ಕೊಡುವ ಮುನ್ನ: ವಯಸ್ಸು, ಲೈಸೆನ್ಸ್, ಹುಕ್, ರಿವರ್ಸ್

ಕಬ್ಬು ಕಡಿಯುವ ಹಂಗಾಮು ಹತ್ತಿರವಾದಂತೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಗನಿಗೆ ಹದಿನೇಳು ತುಂಬಿದೆ, ಹೊಲದಲ್ಲಿ ಟ್ರ್ಯಾಕ್ಟರ್ ಚೆನ್ನಾಗಿ ಓಡಿಸ್ತಾನೆ. ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿ ಟ್ರೇಲರ್ ಕೊಟ್ಟು ಕಳಿಸಬಹುದಾ?" ಮಗಳ ಬಗ್ಗೆ ಕೇಳುವವರೂ ಈಗ ಕಡಿಮೆಯಿಲ್ಲ.

ಮೊದಲು ಚುಟುಕು ಉತ್ತರ. 18 ತುಂಬುವ ತನಕ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಿಸುವಂತೆಯೇ ಇಲ್ಲ, ಟ್ರೇಲರ್ ಇರಲಿ ಬಿಡಲಿ. 18 ತುಂಬಿ ಎಲ್‌ಎಲ್ ಬಂದ ಮೇಲೂ ಟ್ರೇಲರ್ ಕಟ್ಟಿಕೊಂಡು ರಸ್ತೆಗೆ ಇಳಿಯಬೇಡಿ. ಎಲ್‌ಎಲ್‌ಗೆ ಇರುವ ಷರತ್ತನ್ನು ಟ್ರ್ಯಾಕ್ಟರ್ ಮೇಲೆ ಪಾಲಿಸುವುದೇ ಕಷ್ಟ. ಸರಿಯಾದ ದಾರಿ ಬೇರೆ ಇದೆ, ಅದು ಹೆಚ್ಚು ಖರ್ಚಿನದ್ದೂ ಅಲ್ಲ: ಕಾರಿನಲ್ಲಿ ಕಲಿತು ಎಲ್‌ಎಂವಿ ಡಿಎಲ್ ಪಡೆಯುವುದು, ಟ್ರೇಲರ್ ಅಭ್ಯಾಸವನ್ನು ಸ್ವಂತ ಹೊಲದಲ್ಲಿ ಮುಗಿಸುವುದು, ಆಮೇಲೆ ಖಾಲಿ ಟ್ರೇಲರ್‌ನೊಂದಿಗೆ ರಸ್ತೆಗೆ ಬರುವುದು. ಲೋಡ್ ಕೊನೆಯ ಮಾತು.

ಈ ಬರಹದ ಉಳಿದ ಸಂಕ್ಷೇಪಗಳು ಇವು. ಡಿಎಲ್ ಎಂದರೆ ಪಕ್ಕಾ ಚಾಲನಾ ಲೈಸೆನ್ಸ್. ಎಲ್‌ಎಂವಿ ಎಂದರೆ ಲಘು ಮೋಟಾರು ವಾಹನ. ಆರ್‌ಸಿ ಎಂದರೆ ವಾಹನದ ನೋಂದಣಿ ಪತ್ರ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ 1988ರ 4ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸಲು 18 ತುಂಬಿರಬೇಕು. 16ಕ್ಕೆ ಸಿಗುವುದು ಒಂದೇ ರಿಯಾಯಿತಿ: 50 ಸಿಸಿ ಮೀರದ ಮೋಟಾರ್ ಸೈಕಲ್. ಗೇರ್ ಇಲ್ಲದ ಅಂಥ ಗಾಡಿಗೆ ಪೋಷಕರ ಒಪ್ಪಿಗೆ ಪತ್ರದೊಂದಿಗೆ ಮಾಡಿಸಿದ ಎಲ್‌ಎಲ್ ಜೇಬಿನಲ್ಲಿದ್ದರೆ ಟ್ರ್ಯಾಕ್ಟರ್‌ಗೂ ನಡೆಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಡೆಯುವುದಿಲ್ಲ. ಲೈಸೆನ್ಸ್ ಯಾವ ವರ್ಗದ ವಾಹನಕ್ಕೆ ಕೊಟ್ಟಿದೆಯೋ ಅದಕ್ಕೆ ಮಾತ್ರ ಸಲ್ಲುತ್ತದೆ.

ಅದೇ 4ನೇ ಕಲಂನಲ್ಲಿ ಇನ್ನೊಂದು ಮಿತಿ ಇದೆ: ಸಾರಿಗೆ ವಾಹನ, ಅಂದರೆ ಬಾಡಿಗೆಗೆ ಜನರನ್ನು ಒಯ್ಯುವ ಅಥವಾ ಸರಕು ಸಾಗಿಸುವ ವಾಹನ ಓಡಿಸಲು 20 ವರ್ಷ. ಕೃಷಿ ಟ್ರ್ಯಾಕ್ಟರನ್ನು ನಿಯಮಗಳು ಸಾರಿಗೆಯೇತರ ವಾಹನವೆಂದೇ ಕರೆದಿವೆ, ಹಾಗಾಗಿ ಸ್ವಂತ ಬೆಳೆ, ಗೊಬ್ಬರ, ಮೇವು ಸಾಗಿಸಲು 18 ಸಾಕು. ಆದರೆ ಅದೇ ಟ್ರೇಲರ್‌ನಲ್ಲಿ ಊರವರ ಇಟ್ಟಿಗೆ, ಮರಳು, ಜಲ್ಲಿಯನ್ನು ಬಾಡಿಗೆಗೆ ಹೊಡೆಯಲು ಹೊರಟರೆ ಲೆಕ್ಕ ಬದಲಾಗುತ್ತದೆ. ಹತ್ತೊಂಬತ್ತರ ಹುಡುಗನ ಬಳಿ ಡಿಎಲ್ ಇದ್ದರೂ ಬಾಡಿಗೆ ಲೋಡಿಗೆ ಅವನನ್ನು ಕಳಿಸುವಂತಿಲ್ಲ.

"ಸಾರ್ವಜನಿಕ ಸ್ಥಳ" ಎಂದರೆ ಡಾಂಬರು ರಸ್ತೆ ಮಾತ್ರವಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವ ದಾರಿಯೂ, ಯಾವ ಜಾಗವೂ ಅದರಲ್ಲಿ ಸೇರುತ್ತದೆ. ಊರ ಮುಂದಿನ ಬೀದಿ, ಕೆರೆ ಏರಿ, ನಾಲ್ಕು ಮನೆಯವರ ಹೊಲಕ್ಕೆ ಹೋಗುವ ಬಂಡಿ ದಾರಿ ಎಲ್ಲವೂ. "ಹೊಲದಿಂದ ಮನೆಗೆ ಅರ್ಧ ಕಿಲೋಮೀಟರ್ ಅಷ್ಟೇ" ಎನ್ನುವ ಅರ್ಧ ಕಿಲೋಮೀಟರ್ ಬಹುತೇಕ ಸಾರ್ವಜನಿಕ ಸ್ಥಳವೇ ಆಗಿರುತ್ತದೆ.

18 ಆಗದವರಿಗೆ ಟ್ರ್ಯಾಕ್ಟರ್ ಕೊಟ್ಟರೆ ಏನಾಗುತ್ತದೆ? 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ನೇರವಾಗಿ ಪೋಷಕರ ಮತ್ತು ಮಾಲೀಕರ ಮೇಲೆ ಬರುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಆ ವಾಹನದ ನೋಂದಣಿ 12 ತಿಂಗಳು ರದ್ದು, ಓಡಿಸಿದ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಹಂಗಾಮಿನ ನಡುವೆ ಟ್ರ್ಯಾಕ್ಟರ್ ಒಂದು ವರ್ಷ ನಿಂತರೆ ಸಾಲದ ಕಂತು ಕಟ್ಟುವುದು ಹೇಗೆಂದು ಯೋಚಿಸಿ. "ನನಗೆ ಗೊತ್ತೇ ಇರಲಿಲ್ಲ, ಕೀ ತಗೊಂಡು ಹೋದ" ಎಂಬ ಮಾತು ತಾನಾಗಿ ನಿಲ್ಲುವುದಿಲ್ಲ. ಗೊತ್ತಿತ್ತು ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ, ಇಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು. ಆದ್ದರಿಂದ ಕೀ ಟ್ರ್ಯಾಕ್ಟರ್‌ನಲ್ಲೇ ಬಿಡುವ ರೂಢಿಯನ್ನು ಇವತ್ತೇ ನಿಲ್ಲಿಸಿ.

ವಿಮೆಯ ವಿಷಯ ಇನ್ನೂ ಕಠಿಣ. ಲೈಸೆನ್ಸ್ ಇಲ್ಲದವರು ಓಡಿಸುವಾಗ ಅಪಘಾತವಾದರೆ ವಿಮಾ ಕಂಪನಿ ತನ್ನ ಹೊಣೆಯನ್ನು ಪ್ರಶ್ನಿಸಬಹುದು. ನೊಂದವರಿಗೆ ಮೊದಲು ಕಂಪನಿ ಹಣ ಕೊಡಲಿ ಎಂದು ನ್ಯಾಯಾಲಯ ಹೇಳಿದರೂ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ಕಂಪನಿಗೆ ಅನುಮತಿ ಸಿಗುವುದು ಸಾಮಾನ್ಯ. ದುಡಿಯುವ ಒಬ್ಬ ಮನುಷ್ಯನ ಸಾವಿಗೆ ಬರುವ ಪರಿಹಾರ ಹಲವು ಲಕ್ಷ ದಾಟುತ್ತದೆ. ಜಮೀನು ಕಳೆದುಕೊಳ್ಳುವ ಪರಿಸ್ಥಿತಿ ಬರುವುದು ಇಲ್ಲಿಂದಲೇ.

ಎಲ್‌ಎಲ್ ಇದ್ದರೂ ಟ್ರೇಲರ್ ಯಾಕೆ ಬೇಡ

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 3ನೇ ನಿಯಮ ಎಲ್‌ಎಲ್ ಇರುವವರಿಗೆ ಷರತ್ತು ಹಾಕುತ್ತದೆ. ಆ ವಾಹನ ಓಡಿಸಲು ಡಿಎಲ್ ಇರುವ ಒಬ್ಬರು ಹೇಳಿಕೊಡುವವರಾಗಿ ವಾಹನದಲ್ಲೇ ಇರಬೇಕು. ಬರೀ ಇದ್ದರೆ ಸಾಲದು, ವಾಹನವನ್ನು ಹಿಡಿತಕ್ಕೆ ತರುವ ಅಥವಾ ನಿಲ್ಲಿಸುವ ಜಾಗದಲ್ಲಿ ಕುಳಿತಿರಬೇಕು.

ಈಗ ನಿಮ್ಮ ಟ್ರ್ಯಾಕ್ಟರ್ ನೋಡಿ. ಸೀಟು ಒಂದೇ. ಹೇಳಿಕೊಡುವವರು ಕೂರುವುದು ಮಡ್‌ಗಾರ್ಡ್ ಮೇಲೆ. ಅಲ್ಲಿಂದ ಕ್ಲಚ್‌ಗಾಗಲಿ ಬ್ರೇಕ್‌ಗಾಗಲಿ ಕಾಲು ಎಟುಕುವುದಿಲ್ಲ. ಗುಂಡಿಯೊಂದು ಬಂದರೆ ಜಾರುವುದು ಹಿಂದಿನ ದೊಡ್ಡ ಚಕ್ರದ ಮುಂದಕ್ಕೆ, ಅದರ ಹಿಂದೆಯೇ ಟ್ರೇಲರ್ ಚಕ್ರ. ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಕಲಿಸುವ ಪದ್ಧತಿ ಊರೂರಲ್ಲಿ ಇದೆ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಕಲಿಸಲು ಹೋದವರೇ ಸಾಯುವ ರೀತಿ ಅದು.

ಹಾಗಾದರೆ ದಾರಿ? ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್ ಕೂಡ ಲಘು ಮೋಟಾರು ವಾಹನವೇ. ನಮ್ಮ ಹೊಲಗಳಲ್ಲಿ ಓಡುವ 45 ಎಚ್‌ಪಿ ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ಅಂದರೆ ಎಲ್‌ಎಂವಿ ಡಿಎಲ್ ಇದ್ದವರು ಅದನ್ನು ಓಡಿಸಬಹುದು. ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ನಿಷ್ಪ್ರಯೋಜಕವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದೆ. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನ ಓಡಿಸಲು ಪ್ರತ್ಯೇಕ ನಮೂದು ಬೇಕಿಲ್ಲ ಎಂದು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಹೇಳಿತು. ಆದರೆ 20 ವರ್ಷದ ವಯೋಮಿತಿ ಬೇರೆ ಮಾತು, ಅದನ್ನು ಇದರೊಂದಿಗೆ ಬೆರೆಸಬೇಡಿ.

ಇನ್ನು ಹಂತಗಳು.

1. 18 ತುಂಬುವ ತನಕ: ಸ್ವಂತ ಹೊಲದ ಬದುವಿನೊಳಗೆ, ಟ್ರೇಲರ್ ಇಲ್ಲದೆ

ಜನರ ಓಡಾಟವಿಲ್ಲದ ಸ್ವಂತ ಜಮೀನು ಸಾರ್ವಜನಿಕ ಸ್ಥಳದ ವ್ಯಾಖ್ಯೆಗೆ ಬರುವುದಿಲ್ಲ. ಹಾಗೆಂದು ಹದಿಮೂರರ ಹುಡುಗನನ್ನು ಸೀಟಿಗೆ ಏರಿಸಬೇಡಿ. ಸೀಟಿನಲ್ಲಿ ಬೆನ್ನು ಆನಿಸಿ ಕೂತು ಕ್ಲಚ್ಚನ್ನು ತಳದವರೆಗೆ ಒತ್ತಲು ಕಾಲು ಎಟುಕಬೇಕು. ಸೀಟಿನ ತುದಿಗೆ ಜಾರಿ ಒತ್ತುವವರು ಇನ್ನೂ ಟ್ರ್ಯಾಕ್ಟರ್‌ಗೆ ಸಿದ್ಧರಾಗಿಲ್ಲ.

ಮೊದಲು ಕಲಿಸಬೇಕಾದ್ದು ಹೊರಡುವುದಲ್ಲ, ನಿಲ್ಲಿಸುವುದು. ಕ್ಲಚ್, ಬ್ರೇಕ್, ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್, ಎಂಜಿನ್ ಬಂದ್, ಕೀ ಜೇಬಿಗೆ. ಈ ಸರಣಿ ಯೋಚಿಸದೆ ಬರುವ ತನಕ ಮುಂದಿನ ಪಾಠ ಬೇಡ. ಹೇಳಿಕೊಡುವವರು ನೆಲದ ಮೇಲೆ, ಚಾಲಕರಿಗೆ ಕಾಣುವಂತೆ, ದೂರದಲ್ಲಿ ನಿಂತು ಕೈಸನ್ನೆ ಮಾಡಲಿ. ಪಿಟಿಒ, ಅಂದರೆ ಹಿಂದಿನಿಂದ ಯಂತ್ರಗಳನ್ನು ತಿರುಗಿಸುವ ಶಾಫ್ಟ್, ಈ ವಯಸ್ಸಿನವರಿಗೆ ಬೇಡವೇ ಬೇಡ. ಪಂಚೆಯ ಅಂಚು, ಟವೆಲ್, ವೇಲ್ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ.

2. ಎಲ್‌ಎಲ್ ಮತ್ತು ಡಿಎಲ್

18 ತುಂಬಿದ ಮೇಲೆ ಸಾರಥಿ ಪರಿವಾಹನ್ ಜಾಲತಾಣದಲ್ಲಿ ಎಲ್‌ಎಂವಿಗೆ ಅರ್ಜಿ ಹಾಕಿ. ಅರ್ಜಿಯಲ್ಲಿ ಟ್ರ್ಯಾಕ್ಟರ್ ವರ್ಗ ಬೇರೆಯಾಗಿ ಕಂಡರೆ ಅದನ್ನೂ ಸೇರಿಸುವ ಬಗ್ಗೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಕಾನೂನು ಪ್ರಕಾರ ಎಲ್‌ಎಂವಿ ಸಾಕು, ಆದರೆ ಲೈಸೆನ್ಸ್‌ನಲ್ಲಿ ಆ ಪದವೇ ಇದ್ದರೆ ತಪಾಸಣೆಯಲ್ಲೂ ವಿಮೆಯ ಕ್ಲೇಮಿನಲ್ಲೂ ವಾದ ತಪ್ಪುತ್ತದೆ. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಆರೋಗ್ಯದ ಸ್ವಯಂಘೋಷಣೆ ಬೇಕು. ಕೇಂದ್ರ ನಿಯಮದ ಶುಲ್ಕ ಎಲ್‌ಎಲ್‌ಗೆ ಪ್ರತಿ ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಡಿಎಲ್ ಪರೀಕ್ಷೆಗೆ ಪ್ರತಿ ವರ್ಗಕ್ಕೆ 300, ಡಿಎಲ್‌ಗೆ 200. ಕಾರ್ಡು, ಸೇವಾ ಶುಲ್ಕ ಬೇರೆ.

ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಕೈಗೆ ಬಂದು 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಈ ಅವಧಿಯಲ್ಲಿ ಕಾರಿನಲ್ಲೇ ಕಲಿಯಿರಿ, ಸಾಧ್ಯವಾದರೆ ಎಡಬದಿಯಲ್ಲೂ ಬ್ರೇಕ್ ಇರುವ ಡ್ರೈವಿಂಗ್ ಶಾಲೆಯ ಕಾರಿನಲ್ಲಿ. ಕನ್ನಡಿ ನೋಡುವುದು, ಇಂಡಿಕೇಟರ್ ಹಾಕುವುದು, ಎದುರಿನವರ ವೇಗ ಅಂದಾಜು ಮಾಡುವುದು ಅಲ್ಲಿ ಕಲಿತಷ್ಟು ಟ್ರ್ಯಾಕ್ಟರ್ ಮೇಲೆ ಕಲಿಯಲಾಗುವುದಿಲ್ಲ.

ವಾಹನದ ಮುಂದೆ ಮತ್ತು ಹಿಂದೆ ಎಲ್ ಬೋರ್ಡ್ ಕಡ್ಡಾಯ. ಬಿಳಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ, ಫಲಕ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರ ಕನಿಷ್ಠ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ, ಬುಡದಲ್ಲಿ 9 ಸೆಂಟಿಮೀಟರ್ ಅಗಲ. ಹಾಳೆಯ ಮೇಲೆ ಪೆನ್ನಿನಿಂದ ಗೀಚಿದ್ದು ಲೆಕ್ಕಕ್ಕಿಲ್ಲ.

3. ಟ್ರೇಲರ್‌ನ ಕಾಗದ ಮತ್ತು ನಂಬರ್

ಟ್ರೇಲರ್‌ಗೆ ಸ್ವಂತ ನೋಂದಣಿ ಬೇಕು. ಟ್ರ್ಯಾಕ್ಟರ್ ಆರ್‌ಸಿ ತೋರಿಸಿದರೆ ಟ್ರೇಲರ್ ಅದರಲ್ಲೇ ಬಂತು ಎಂದುಕೊಳ್ಳಬೇಡಿ. ಕಾಯ್ದೆಯ 61ನೇ ಕಲಂ ಪ್ರಕಾರ ಟ್ರೇಲರ್‌ನ ಸ್ವಂತ ನಂಬರ್ ಅದರ ಪಕ್ಕದಲ್ಲಿ ಇರಬೇಕು. ಎಳೆಯುವ ಟ್ರ್ಯಾಕ್ಟರ್‌ನ ನಂಬರ್ ಟ್ರೇಲರ್ ಮೇಲೆ, ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯದರ ಮೇಲೆ ಕಾಣಬೇಕು. ಪಕ್ಕದ ಮನೆಯವರ ಟ್ರ್ಯಾಕ್ಟರ್‌ಗೆ ನಿಮ್ಮ ಟ್ರೇಲರ್ ಕಟ್ಟಿದ ದಿನ ಹಿಂದಿನ ನಂಬರ್ ಕೂಡ ಬದಲಾಗಬೇಕು. ಇದು ಹೆಚ್ಚಿನವರಿಗೆ ತಿಳಿದೇ ಇಲ್ಲ. ನಂಬರನ್ನು ತಗಡಿನ ಮೇಲೆ ಬರೆಸಿ ಬೋಲ್ಟ್‌ನಿಂದ ಕೂರಿಸಿದರೆ ಬಿಚ್ಚಿ ಹಾಕಲು ಸುಲಭ.

ವಿಮಾ ಪಾಲಿಸಿಯನ್ನು ಬಿಡಿಸಿ ಓದಿ. ಟ್ರೇಲರ್ ಅದರ ನಂಬರ್ ಸಹಿತ ಸೇರಿದೆಯೇ, ಅದಕ್ಕೆ ಪ್ರೀಮಿಯಂ ಕಟ್ಟಿದೆಯೇ ನೋಡಿ. "ಕೃಷಿ ಬಳಕೆ" ಎಂದಿದ್ದರೆ ಬಾಡಿಗೆ ಲೋಡಿನಲ್ಲಿ ಅಪಘಾತವಾದಾಗ ಅದೇ ಪದ ನಿಮ್ಮ ವಿರುದ್ಧ ನಿಲ್ಲುತ್ತದೆ. ಕಾಗದಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಬಹುದು. ಫೋನಿನಲ್ಲಿ ತೆಗೆದ ಫೋಟೊ ಅದಕ್ಕೆ ಸಮವಲ್ಲ.

4. ಹುಕ್ ಮಾಡುವುದು

ಟ್ರೇಲರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ಅಡೆ ಕೊಡಿ. ಅತಿ ಕೆಳಗಿನ ಗೇರಿನಲ್ಲಿ ಹಿಂದಕ್ಕೆ ಬನ್ನಿ. ಟ್ರ್ಯಾಕ್ಟರ್ ಚಲಿಸುವಾಗ ಅದರ ಮತ್ತು ಟ್ರೇಲರ್‌ನ ನಡುವೆ ಯಾರೂ ಇರಕೂಡದು. "ನೀ ಬಾ, ನಾ ಪಿನ್ ಹಾಕ್ತೀನಿ" ಎಂದು ನಡುವೆ ನಿಂತವರ ಸೊಂಟ, ಎದೆ ಸಿಕ್ಕಿಕೊಳ್ಳಲು ಕ್ಲಚ್ ಒಮ್ಮೆ ಜಾರಿದರೆ ಸಾಕು. ಕಲಿಯುವವರ ಕ್ಲಚ್ ಜಾರಿಯೇ ಜಾರುತ್ತದೆ. ಟ್ರ್ಯಾಕ್ಟರ್ ಪೂರ್ತಿ ನಿಲ್ಲಲಿ, ನ್ಯೂಟ್ರಲ್ ಆಗಲಿ, ಪಾರ್ಕಿಂಗ್ ಬ್ರೇಕ್ ಬೀಳಲಿ, ಆಮೇಲೆ ಪಿನ್.

ಟ್ರೇಲರ್ ಮೂತಿಯ ಎತ್ತರವನ್ನು ಜಾಕ್‌ನಿಂದ ಸರಿಮಾಡಿ. ಪಿನ್ ಮೇಲಿನಿಂದ ಸರಾಗವಾಗಿ ಇಳಿಯಬೇಕು, ಸುತ್ತಿಗೆಯಿಂದ ಹೊಡೆದು ಇಳಿಸುವ ಹಾಗಿದ್ದರೆ ಜೋಡಣೆ ಸರಿಯಾಗಿಲ್ಲ ಎಂದರ್ಥ. ಪಿನ್ ಕೆಳಗೆ ಲಾಕ್ ಕ್ಲಿಪ್ ಹಾಕಿ. ಕ್ಲಿಪ್ ಕಳೆದುಹೋಗಿ ತಂತಿ ಸುತ್ತಿದ, ಮೊಳೆ ಬಗ್ಗಿಸಿ ಸಿಕ್ಕಿಸಿದ ಟ್ರೇಲರ್‌ಗಳು ರಸ್ತೆ ತುಂಬ ಇವೆ. ಗುಂಡಿ ರಸ್ತೆಯಲ್ಲಿ ಪಿನ್ ಕುಣಿಯುತ್ತ ಮೇಲೇರುತ್ತದೆ, ಕ್ಲಿಪ್ ಇಲ್ಲದಿದ್ದರೆ ಹಾರುತ್ತದೆ, ಟ್ರೇಲರ್ ತನ್ನ ಪಾಡಿಗೆ ಹೊರಡುತ್ತದೆ. ಅದಕ್ಕೇ ಸುರಕ್ಷಾ ಸರಪಳಿ ಬೇಕು: ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಯಿಸಿ ಟ್ರ್ಯಾಕ್ಟರ್‌ಗೆ ಕಟ್ಟಿ. ತಿರುವಿಗೆ ಬೇಕಾದಷ್ಟು ಸಡಿಲವಿರಲಿ, ನೆಲಕ್ಕೆ ಎಳೆಯುವಷ್ಟು ಬೇಡ.

ಟ್ರೇಲರನ್ನು ಕಂಪನಿ ಕೊಟ್ಟ ಕೆಳಗಿನ ಹುಕ್ ಅಥವಾ ಡ್ರಾಬಾರ್‌ಗೆ ಮಾತ್ರ ಕಟ್ಟಬೇಕು. ಮೇಲಿನ ಟಾಪ್ ಲಿಂಕ್, ಅಂದರೆ ನೇಗಿಲಿನಂಥ ಸಲಕರಣೆಯ ಮೇಲ್ತುದಿ ಹಿಡಿಯುವ ಸರಳಿನ ಜಾಗಕ್ಕೆ ಸರಪಳಿ ಹಾಕಿ ಎಳೆಯುವುದು ಅತ್ಯಂತ ಅಪಾಯಕಾರಿ. ಎಳೆತದ ಬಿಂದು ಹಿಂದಿನ ಅಚ್ಚಿಗಿಂತ ಮೇಲಿದ್ದರೆ ಟ್ರ್ಯಾಕ್ಟರ್ ತನ್ನ ಮುಂಭಾಗವನ್ನೇ ಎತ್ತಿಕೊಂಡು ಹಿಂದಕ್ಕೆ ಮಗುಚುತ್ತದೆ. ಮೂತಿ ಎದ್ದಾಗಿನಿಂದ ಚಾಲಕನ ಮೇಲೆ ಬೀಳುವ ತನಕ ಎರಡು ಸೆಕೆಂಡೂ ಸಿಗುವುದಿಲ್ಲ.

ಹೊರಡುವ ಮುನ್ನ ನಾಲ್ಕು ಕೆಲಸ. ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಲಾಕ್ ಹಾಕಿ. ಉಳುಮೆಯಲ್ಲಿ ಸಣ್ಣ ತಿರುವಿಗಾಗಿ ಅವನ್ನು ಬಿಡಿಸಿರುತ್ತೇವೆ, ಹಾಗೇ ಮರೆತು ರಸ್ತೆಯಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಗಿರಕಿ ಹೊಡೆದು, ಹಿಂದಿನ ಟ್ರೇಲರ್ ಅದನ್ನು ಉರುಳಿಸುತ್ತದೆ. ಡಿಫರೆನ್ಷಿಯಲ್ ಲಾಕ್, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ಲಾಕ್, ಬಿಟ್ಟಿದೆಯೇ ನೋಡಿ. ಪಿಟಿಒ ಬಂದ್ ಇರಲಿ. ಟ್ರೇಲರ್‌ನ ಚಕ್ರದ ನಟ್ಟುಗಳನ್ನು ಪಾನಾದಿಂದ ಮುಟ್ಟಿ ನೋಡಿ.

ಮಗುಚಿದರೆ ಕಾಪಾಡುವ ಕಬ್ಬಿಣದ ಕಮಾನು ನಿಮ್ಮ ಟ್ರ್ಯಾಕ್ಟರ್‌ಗೆ ಇದ್ದರೆ ಅದನ್ನು ನೆಟ್ಟಗೆ ಎತ್ತಿ ನಿಲ್ಲಿಸಿ, ಸೀಟ್ ಬೆಲ್ಟ್ ಹಾಕಿಕೊಳ್ಳಿ. ಕಮಾನು ಇಲ್ಲದ ಟ್ರ್ಯಾಕ್ಟರ್‌ನಲ್ಲಿ ಬೆಲ್ಟ್ ಬೇಡ. ಬಿಸಿಲಿಗೆ ಹಾಕಿಸಿದ ತಗಡಿನ ಛಾವಣಿ ಕಮಾನಿನ ಕೆಲಸ ಮಾಡುವುದಿಲ್ಲ.

5. ಹೊಲದಲ್ಲಿ ರಿವರ್ಸ್ ಅಭ್ಯಾಸ

ಮುಂದಕ್ಕೆ ಓಡಿಸುವುದನ್ನು ಯಾರಾದರೂ ಬೇಗ ಕಲಿಯುತ್ತಾರೆ. ಚಾಲಕನ ಕೈ ಗೊತ್ತಾಗುವುದು ಹಿಂದಕ್ಕೆ ಬರುವಾಗ. ಕಟಾವಾದ ಸಮತಟ್ಟು ಹೊಲ, ಖಾಲಿ ಎರಡು ಚಕ್ರದ ಟ್ರೇಲರ್, ನಾಲ್ಕು ಹಳೆ ಟೈರ್ ಸಾಕು. ಸುತ್ತ ಮಕ್ಕಳು, ದನ ಇರಬಾರದು.

ಸೂತ್ರ ಒಂದೇ: ಟ್ರೇಲರ್‌ನ ಹಿಂಭಾಗ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಮೊದಲು ಎಡಕ್ಕೆ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ. ಟ್ರೇಲರ್ ತಿರುಗಲು ಶುರುವಾದ ಕೂಡಲೇ ಸ್ಟೀರಿಂಗನ್ನು ಇನ್ನೊಂದು ಬದಿಗೆ ತಂದು ಅದರ ಹಿಂದೆ ಹೋಗಬೇಕು, ಇಲ್ಲದಿದ್ದರೆ ಕೋನ ಚಿಕ್ಕದಾಗುತ್ತಾ ಹೋಗಿ ಟ್ರೇಲರ್ ಮೂತಿ ಟ್ರ್ಯಾಕ್ಟರ್‌ನ ದೊಡ್ಡ ಟೈರಿಗೆ ತಾಗುತ್ತದೆ. ಟೈರ್ ಹರಿಯುವುದು, ಮೂತಿ ಬಗ್ಗುವುದು ಹೀಗೆಯೇ.

ಮೊದಲು 20 ಮೀಟರ್ ನೇರ ಹಿಂದಕ್ಕೆ. ಇದು ಸುಲಭವೆನಿಸುತ್ತದೆ, ಆದರೆ ತಿರುವಿಗಿಂತ ಕಷ್ಟ, ಯಾಕೆಂದರೆ ಟ್ರೇಲರ್ ಒಂದು ಬೆರಳು ಸರಿದಾಗಲೇ ತಿದ್ದಬೇಕು. ಒಂದು ಅಡಿ ಸರಿದ ಮೇಲೆ ತಿದ್ದಲು ಹೋದರೆ ಹಾವಿನ ನಡೆಯಾಗುತ್ತದೆ. ಎರಡೂ ಭುಜದ ಮೇಲಿಂದ ತಿರುಗಿ ನೋಡಬೇಕು, ಒಂದೇ ಬದಿಗೆ ಕತ್ತು ಹೊರಳಿಸಿ ಕೂತರೆ ಇನ್ನೊಂದು ಮೂಲೆ ಕಾಣುವುದಿಲ್ಲ. ಆಮೇಲೆ ಎರಡು ಟೈರ್‌ಗಳ ನಡುವೆ ನುಗ್ಗಿಸುವುದು, ಕೊನೆಗೆ ಕೊಟ್ಟಿಗೆಗೆ ತಿರುಗಿಸುವ ಹಾಗೆ ಲಂಬ ತಿರುವು. ಕೈತಪ್ಪಿದಾಗ ಹಿಂದಕ್ಕೇ ಬರುತ್ತ ಸರಿಮಾಡಲು ಒದ್ದಾಡಬೇಡಿ, ನಿಲ್ಲಿಸಿ ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ. ಅನುಭವಿ ಚಾಲಕರೂ ಹಾಗೇ ಮಾಡುತ್ತಾರೆ.

ಮುಂದಿನ ಅಚ್ಚು ತಿರುಗುವ ನಾಲ್ಕು ಚಕ್ರದ ಟ್ರೇಲರ್‌ಗೆ ಈ ಸೂತ್ರ ನಡೆಯುವುದಿಲ್ಲ. ಅಲ್ಲಿ ಎರಡು ಕೀಲುಗಳಿರುತ್ತವೆ, ಒಂದು ಇನ್ನೊಂದನ್ನು ತಿರುಗಿಸುತ್ತದೆ. ಕಲಿಯುವವರು ಅದನ್ನು ರಿವರ್ಸ್ ಮಾಡಲು ಹೋಗಬಾರದು, ಸುತ್ತು ಹಾಕಿ ಬರಲಿ. ಎರಡು ಟ್ರೇಲರ್ ಒಂದರ ಹಿಂದೊಂದು ಕಟ್ಟುವುದಂತೂ ಈ ವಯಸ್ಸಿನವರ ಕೈಗೆ ಕೊಡುವ ಕೆಲಸವೇ ಅಲ್ಲ, ಸಕ್ಕರೆ ಕಾರ್ಖಾನೆಯ ಸರದಿಗೆ ಎಷ್ಟೇ ಅವಸರವಿರಲಿ.

6. ಲೋಡ್

ಎಷ್ಟು ತುಂಬಬಹುದೆಂಬುದು ಟ್ರೇಲರ್ ಆರ್‌ಸಿಯಲ್ಲಿ ಇದೆ: ನೋಂದಾಯಿತ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಸಿಗುವುದೇ ಮಿತಿ. "ಟ್ರ್ಯಾಕ್ಟರ್ ಎಳೆಯುತ್ತದೆ" ಎಂಬುದು ಅಳತೆಯಲ್ಲ. ಎಳೆಯುವ ಶಕ್ತಿ ಎಂಜಿನ್‌ನದು, ನಿಲ್ಲಿಸುವ ಶಕ್ತಿ ಬ್ರೇಕಿನದು. ನಮ್ಮ ಬಹುತೇಕ ಕೃಷಿ ಟ್ರೇಲರ್‌ಗಳಿಗೆ ಸ್ವಂತ ಬ್ರೇಕೇ ಇಲ್ಲ, 2 ಟನ್ನಿನ ಟ್ರ್ಯಾಕ್ಟರ್‌ನ ಬ್ರೇಕ್ ತನ್ನ ಎರಡು ಮೂರು ಪಟ್ಟು ತೂಕವನ್ನು ತಡೆಯಬೇಕು.

ಎರಡು ಚಕ್ರದ ಟ್ರೇಲರ್‌ನಲ್ಲಿ ತೂಕ ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಬರಲಿ. ಹಿಂದಕ್ಕೆ ಹೆಚ್ಚಾದರೆ ಅದು ಹುಕ್ಕನ್ನು ಮೇಲೆತ್ತಿ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳ ಹಿಡಿತ ಕಳೆಯುತ್ತದೆ, ಟ್ರೇಲರ್ ಓಲಾಡುತ್ತದೆ. ಮುಂದಕ್ಕೆ ಅತಿಯಾದರೆ ಹುಕ್ ಮೇಲೆ ಭಾರ ಬಿದ್ದು ಟ್ರ್ಯಾಕ್ಟರ್‌ನ ಮೂತಿ ಹಗುರಾಗುತ್ತದೆ. ಟ್ರ್ಯಾಕ್ಟರ್ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರಗಳ ಮೇಲೆ ಇರದಿದ್ದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಉಬ್ಬಿನಲ್ಲಿ ಮುಂದಿನ ಚಕ್ರ ಕುಣಿಯುತ್ತಿದ್ದರೆ ಲೋಡ್ ಇಳಿಸಿ ಮತ್ತೆ ತುಂಬಿ. ಟ್ರ್ಯಾಕ್ಟರ್ ಮುಂದೆ ಕಲ್ಲು ಕಟ್ಟಿ ಹೊರಡುವುದು ಉಪಾಯವಲ್ಲ. ಕಂಪನಿಯ ಮುಂಭಾರದ ತಟ್ಟೆಗಳಿದ್ದರೆ ಹಾಕಬಹುದು, ಅವೂ ಅತಿಲೋಡಿಗೆ ಪರವಾನಗಿಯಲ್ಲ.

ಹುಲ್ಲು, ಜೋಳದ ಸೊಪ್ಪೆಯಂಥ ಹಗುರ ವಸ್ತುಗಳಲ್ಲಿ ಅಪಾಯ ತೂಕದ್ದಲ್ಲ, ಎತ್ತರದ್ದು. ವಿದ್ಯುತ್ ತಂತಿ ನೋಡಿಕೊಳ್ಳಿ, ಪಕ್ಕಕ್ಕೆ ಚಾಚಿ ಹಿಂದಿನ ದೀಪ ಮುಚ್ಚದಿರಲಿ.

ಲೋಡ್ ಮೇಲೆ ಜನ ಬೇಡ. ಟ್ರ್ಯಾಕ್ಟರ್ ಮೇಲೂ ಚಾಲಕ ಒಬ್ಬರೇ. ಕೂಲಿಯವರು, ಜಾತ್ರೆಗೆ ಹೋಗುವವರು, ಮದುವೆ ದಿಬ್ಬಣ ಎಲ್ಲರೂ "ಸ್ವಲ್ಪ ದೂರ ಬಿಡಪ್ಪ" ಎನ್ನುತ್ತಾರೆ. ಹತ್ತೊಂಬತ್ತರ ಹುಡುಗನಿಗೆ ಹಿರಿಯರಿಗೆ ಇಲ್ಲ ಎನ್ನುವುದು ಕಷ್ಟ. ಹಾಗಾಗಿ ಆ ಮಾತನ್ನು ಮನೆಯ ಹಿರಿಯರೇ ಮೊದಲೇ ಊರಲ್ಲಿ ಹೇಳಿಡಬೇಕು.

7. ಮೊದಲ ಬಾರಿ ರಸ್ತೆಗೆ

ಡಿಎಲ್ ಕೈಯಲ್ಲಿ, ಟ್ರೇಲರ್ ಖಾಲಿ, ಹಗಲು ಹೊತ್ತು, ಗೊತ್ತಿರುವ ದಾರಿ. ಅನುಭವಿಗಳು ಬೈಕಿನಲ್ಲಿ ಹಿಂದೆ ಬರಲಿ. ಟ್ರ್ಯಾಕ್ಟರ್‌ನ ಹಾಡು ಬಂದ್ ಇರಲಿ, ಹಿಂದಿನ ಲಾರಿಯ ಹಾರ್ನ್ ಕೇಳಬೇಕು.

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 8 ಮೀಟರ್‌ಗೂ ಹೆಚ್ಚು ಸಾಗುತ್ತೀರಿ. ಅಂದರೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವುದರೊಳಗೆ ಅಷ್ಟು ದೂರ ಹೋಗಿಯಾಯಿತು. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ. ಹೊಸಬರು ಲೋಡ್ ಇದ್ದಾಗ 20 ದಾಟಬಾರದು ಎಂಬುದು ನಮ್ಮ ಸಲಹೆ. ಒಮ್ಮೆಲೇ ಬ್ರೇಕ್ ಒತ್ತಿದರೆ, ಅದರಲ್ಲೂ ತಿರುವಿನಲ್ಲಿ, ಟ್ರೇಲರ್ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ತಿರುವಿಗೆ ಮೊದಲೇ ನಿಧಾನ ಮಾಡಿ.

ತಿರುವಿನಲ್ಲಿ ಟ್ರೇಲರ್ ಚಕ್ರ ಟ್ರ್ಯಾಕ್ಟರ್ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಬದಿಗೆ ಸರಿದು ಬರುತ್ತದೆ. ಎಡಕ್ಕೆ ತಿರುಗುವಾಗ ನೀವು ಅಗಲವಾಗಿ ಹೋಗಲು ಸ್ವಲ್ಪ ಬಲಕ್ಕೆ ಬಂದಿರುತ್ತೀರಿ, ಆ ಜಾಗ ನೋಡಿ ಬೈಕಿನವರು ಎಡದಿಂದ ನುಗ್ಗುತ್ತಾರೆ. ಟ್ರೇಲರ್ ಚಕ್ರಕ್ಕೆ ಸಿಗುವುದು ಅವರೇ. ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗಿ ನೋಡಿ, ಆಮೇಲೆ ಸ್ಟೀರಿಂಗ್.

ಇಳಿಜಾರಿನಲ್ಲಿ ಮೇಲಿರುವಾಗಲೇ ಕೆಳಗಿನ ಗೇರ್ ಹಾಕಿಕೊಳ್ಳಿ. ಹತ್ತಲು ಬೇಕಾಗುವ ಗೇರೇ ಇಳಿಯಲೂ ಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವುದು, ಕ್ಲಚ್ ಒತ್ತಿ ಉರುಳಿಸುವುದು ಜೀವಕ್ಕೆ ಎರವಾಗುವ ಚಟ. ಎಂಜಿನ್‌ನ ತಡೆ ಹೋದ ಕ್ಷಣದಿಂದ ಇಡೀ ಭಾರ ಬ್ರೇಕಿನ ಮೇಲೆ, ಅದು ಬಿಸಿಯಾಗಿ ಹಿಡಿಯುವುದನ್ನೇ ಬಿಡುತ್ತದೆ. ನಡು ಇಳಿಜಾರಿನಲ್ಲಿ ಗೇರ್ ಬದಲಿಸಲು ಹೋಗಿ ಮತ್ತೆ ಗೇರ್ ಬೀಳದೆ ಉಳಿದರೂ ಅದೇ ಗತಿ. ಏರಿನಲ್ಲಿ ಕ್ಲಚ್ಚನ್ನು ಫಟ್ಟನೆ ಬಿಡಬೇಡಿ, ಮುಂಭಾಗ ಏಳುವುದು ಆಗಲೇ.

8. ಕತ್ತಲು ಮತ್ತು ಕೆಟ್ಟು ನಿಂತಾಗ

ಟ್ರೇಲರ್ ಹಿಂದೆ ಎರಡು ಕೆಂಪು ದೀಪ, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್, ಹೊಳೆಯುವ ಪಟ್ಟಿ ಇರಲಿ. ಟ್ರ್ಯಾಕ್ಟರ್‌ನಿಂದ ದೀಪಕ್ಕೆ ಹೋಗುವ ವೈರ್ ತಿರುವಿನಲ್ಲಿ ಕಿತ್ತುಬರುವುದು ಸಾಮಾನ್ಯ, ಹೊರಡುವ ಮುನ್ನ ಒಬ್ಬರು ಹಿಂದೆ ನಿಂತು ಬೆಳಗುವುದನ್ನು ನೋಡಬೇಕು. ಕೆಸರು ಮೆತ್ತಿದ ರಿಫ್ಲೆಕ್ಟರ್ ಇದ್ದೂ ಇಲ್ಲದಂತೆ, ಬಟ್ಟೆಯಿಂದ ಒರೆಸಿ. ಹೊಸ ಚಾಲಕರು ಮೊದಲ ಹಂಗಾಮಿನಲ್ಲಿ ರಾತ್ರಿ ಓಡಿಸದಿರುವುದೇ ಒಳ್ಳೆಯದು.

ಕೆಟ್ಟು ನಿಂತರೆ ಸಾಧ್ಯವಾದಷ್ಟು ರಸ್ತೆ ಬಿಟ್ಟು ಕೆಳಗೆ ಇಳಿಸಿ, ಚಕ್ರಕ್ಕೆ ಅಡೆ ಕೊಡಿ, ಹೊಳೆಯುವ ತ್ರಿಕೋನ ಫಲಕವನ್ನು ಹಿಂದೆ ದೂರದಲ್ಲಿ ಇಡಿ. ಸೊಪ್ಪಿನ ಕೊಂಬೆ, ಕಲ್ಲು ಫಲಕಕ್ಕೆ ಬದಲಿಯಲ್ಲ. ಅವಸರಕ್ಕೆ ಇಟ್ಟಿದ್ದರೆ ಹೊರಡುವಾಗ ಒಂದೊಂದನ್ನೂ ಎತ್ತಿ ಹಾಕಿಯೇ ಹೋಗಿ, ರಸ್ತೆಯಲ್ಲಿ ಬಿಟ್ಟ ಕಲ್ಲಿಗೆ ರಾತ್ರಿ ಬೈಕಿನವರು ಬೀಳುತ್ತಾರೆ. ಲಿಫ್ಟ್ ಮಾಡಿದ ಟಿಪ್ಪಿಂಗ್ ಟ್ರೇಲರ್ ಕೆಳಗೆ, ಹೈಡ್ರಾಲಿಕ್ ಹಿಡಿದಿದೆ ಎಂದು ನಂಬಿ ತಲೆ ಹಾಕಬೇಡಿ, ಮೊದಲು ಗಟ್ಟಿ ಆಧಾರ ಕೊಡಿ.

ಅಪಘಾತವಾದರೆ ಓಡಿಹೋಗಬಾರದು. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು, ವಿಮಾ ಕಂಪನಿಗೆ ಮಾಹಿತಿ ಕೊಡುವುದು 134ನೇ ಕಲಂ ಪ್ರಕಾರ ಚಾಲಕರ ಕರ್ತವ್ಯ. ಗುಂಪು ಸೇರಿ ಜೀವಭಯವಿದ್ದರೆ ನೇರ ಹತ್ತಿರದ ಠಾಣೆಗೆ ಹೋಗಿ, 112ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ಗೆ 108. ಮಕ್ಕಳನ್ನು ಉಳಿಸಲು ಸೀಟಿನಲ್ಲಿ ತಂದೆಯನ್ನೋ ಚಿಕ್ಕಪ್ಪನನ್ನೋ ತೋರಿಸುವ ಸಲಹೆ ಅಂಥ ಹೊತ್ತಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದನ್ನು ಕೇಳಬೇಡಿ. ಸುಳ್ಳು ಬಯಲಾದರೆ ಮೊದಲ ಪ್ರಕರಣದ ಜೊತೆ ಸುಳ್ಳಿನ ಪ್ರಕರಣವೂ ಮೈಮೇಲೆ ಬರುತ್ತದೆ, ವಿಮೆಯೂ ಕೈಬಿಡುತ್ತದೆ.